ಕೊಪ್ಪರಿಗೆಯೊಳಗಿನ ರಸಾಯನಶಾಸ್ತ್ರ

ಹೋಳಿಗೆಯ ಹೂರಣಕ್ಕೆ ಬೇಳೆ ಬೇಯುವ ಮೊದಲೇ ಬೆಲ್ಲ ಹಾಕಿದರೆ ಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಪಾಯಸ ಒಡೆದುಹೋಗುತ್ತದೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಅಚ್ಚು ಬೆಲ್ಲ ಬೆವರಿ ಜಿನುಗುತ್ತದೆ. ಇವು ನಮ್ಮ ಅಡುಗೆಮನೆಗಳಿಗೆ ಹೊಸ ಸಂಗತಿಗಳಲ್ಲ. ಹೀಗೇಕೆ ಆಗುತ್ತದೆ ಎಂದು ತಿಳಿಯಬೇಕಾದರೆ ಬೆಲ್ಲ ಹುಟ್ಟುವ ಜಾಗಕ್ಕೆ ಹೋಗಬೇಕು.

ಅಂಥ ಒಂದು ಜಾಗ ಹನಕೆರೆ; ಮದ್ದೂರು ಮತ್ತು ಮಂಡ್ಯದ ನಡುವೆ, ಬೆಂಗಳೂರು–ಮೈಸೂರು ರೈಲುದಾರಿಯಲ್ಲಿದೆ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆ ಕಬ್ಬಿನದಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಆದರೂ ಕಬ್ಬೆಲ್ಲ ಕಾರ್ಖಾನೆಗೆ ಹೋಗಲಿಲ್ಲ, ಬೆಲ್ಲ ಮಾಡುವ ಆಲೆಮನೆಗಳು ಉಳಿದವು. ಕಾರ್ಖಾನೆಯ ಚಕ್ರ ನಿಂತ ವರ್ಷಗಳಲ್ಲಿ ರೈತನ ಕೈ ಹಿಡಿದದ್ದೂ ಅವೇ.

ಆಲೆಮನೆಯನ್ನು ನಾನು ರಸಾಯನಶಾಲೆ ಎಂದೇ ಕರೆಯುತ್ತೇನೆ, ಇದು ಅಲಂಕಾರದ ಮಾತಲ್ಲ. ಗಾಣದಿಂದ ಇಳಿದ ಕಬ್ಬಿನ ಹಾಲಿನಲ್ಲಿ ಸುಮಾರು ಎಂಬತ್ತು ಭಾಗ ನೀರು. ಉಳಿದುದರಲ್ಲಿ ಬಹುಪಾಲು ಸುಕ್ರೋಸ್, ಜೊತೆಗೆ ಅಷ್ಟಿಷ್ಟು ಆಮ್ಲ, ಪ್ರೋಟೀನು, ಅಂಟು, ಮಣ್ಣು. ಆಮ್ಲ ಇರುವಾಗ ಕಾಯಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಹೆಚ್ಚಾದಷ್ಟೂ ಅಚ್ಚು ನಿಲ್ಲುವುದಿಲ್ಲ. ಕಬ್ಬು ಕಡಿದು ಬಿಸಿಲಲ್ಲಿ ಬಿಟ್ಟರೂ ಅದರೊಳಗಿನ ಕಿಣ್ವ ಇದೇ ಕೆಲಸ ಮಾಡುತ್ತದೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕು ಎಂದು ಹಳಬರು ಅವಸರ ಮಾಡುವುದು ಇದಕ್ಕೇ.

ಕೊಪ್ಪರಿಗೆ ಬಿಸಿಯಾಗುತ್ತಿದ್ದಂತೆ ಸುಣ್ಣದ ತಿಳಿ ಹಾಕುತ್ತಾರೆ. ಸುಣ್ಣ ಆಮ್ಲವನ್ನು ತಗ್ಗಿಸಿ ಸುಕ್ರೋಸನ್ನು ಕಾಯುತ್ತದೆ, ಕದಡಿದ ಕಶ್ಮಲ ಹೆಪ್ಪುಗಟ್ಟುವಂತೆಯೂ ಮಾಡುತ್ತದೆ. ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆ ಆ ಹೆಪ್ಪನ್ನು ಹಿಡಿದುಕೊಂಡು ಮೇಲಕ್ಕೆ ತರುತ್ತದೆ. ತೇಲಿ ಬಂದ ಮಡ್ಡಿಯನ್ನು ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ. ಸುಣ್ಣ ಕಡಿಮೆಯಾದರೆ ಬೆಲ್ಲ ಮೆತ್ತಗಾಗುತ್ತದೆ, ಹೆಚ್ಚಾದರೆ ಕಪ್ಪಾಗುತ್ತದೆ. ಎಷ್ಟು ಹಾಕಬೇಕೆಂಬುದು ಆ ದಿನದ ಕಬ್ಬನ್ನೂ ಅದು ಬೆಳೆದ ಮಣ್ಣನ್ನೂ ಅವಲಂಬಿಸಿದೆ. ಆಮ್ಲ ಅಳೆಯುವ ಕಾಗದವಿಲ್ಲದೆ ಕಣ್ಣಂದಾಜಿನಲ್ಲಿ ಅದನ್ನು ಹಿಡಿಯುವ ಕೈಗಳನ್ನು ಕಂಡರೆ ನನಗೆ ಗೌರವ ಉಕ್ಕುತ್ತದೆ.

ನೀರು ಆವಿಯಾಗಿ ಸಕ್ಕರೆಯ ಸಾಂದ್ರತೆ ಏರಿದಂತೆ ಕುದಿಯುವ ಶಾಖವೂ ಏರುತ್ತದೆ. ನೊರೆ ಉಕ್ಕಿದರೆ ಒಂದಿಷ್ಟು ಎಣ್ಣೆ ಬೀಳುತ್ತದೆ, ನೊರೆ ಕುಸಿಯುತ್ತದೆ. ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪಾಕ ಇಳಿಸಬೇಕು. ಪಾಕ ನೋಡುವವನು ಥರ್ಮಾಮೀಟರ್ ಹಿಡಿಯುವುದಿಲ್ಲ. ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ಗಟ್ಟಿಯಾಗಿ ನಿಂತರೆ ಕೊಪ್ಪರಿಗೆ ಇಳಿಯಿತು. ನೂರು ಕೆ.ಜಿ. ಕಬ್ಬಿಗೆ ಹೆಚ್ಚುಕಡಿಮೆ ಹತ್ತು ಕೆ.ಜಿ. ಬೆಲ್ಲ. ಅಚ್ಚು, ಕುರಿಕಾಲಚ್ಚು, ಬಕೆಟ್ ಎಂದು ರೂಪ ಪಡೆದು ಅದು ಮಂಡ್ಯದ ಮಾರುಕಟ್ಟೆ ಸೇರುತ್ತದೆ.

ಅಡುಗೆಮನೆಯ ಪ್ರಶ್ನೆಗಳಿಗೆ ಉತ್ತರ ಈಗ ಸುಲಭ. ಸುಣ್ಣ ಹಾಕಿದರೂ ಬೆಲ್ಲದಲ್ಲಿ ಆಮ್ಲ ಸ್ವಲ್ಪ ಉಳಿದಿರುತ್ತದೆ. ಬಿಸಿ ಮತ್ತು ಆಮ್ಲ ಕೂಡಿದಾಗ ಹಾಲಿನ ಕೇಸೀನ್ ಎಂಬ ಪ್ರೋಟೀನು ಮುದ್ದೆಗಟ್ಟುತ್ತದೆ, ಹಾಲು ಒಡೆಯುತ್ತದೆ. ಬೆಲ್ಲವನ್ನು ಬೇರೆ ಕರಗಿಸಿ, ಹಾಲು ಆರಿದ ಮೇಲೆ ಬೆರೆಸಿದರೆ ಒಡೆಯುವುದಿಲ್ಲ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಬೆಲ್ಲದ ಆಮ್ಲ ಮತ್ತು ಕ್ಯಾಲ್ಸಿಯಂ ಆ ಪೆಕ್ಟಿನ್ನನ್ನು ಬಿಗಿ ಮಾಡುತ್ತವೆ, ಸಕ್ಕರೆ ನೀರು ಒಳಹೋಗುವುದನ್ನು ತಡೆಯುತ್ತದೆ. ಆದ್ದರಿಂದ ಬೇಳೆ ಬೆಂದ ಮೇಲೆಯೇ ಬೆಲ್ಲ. ಇನ್ನು ಮಳೆಗಾಲದ ಬೆವರು: ಫ್ರಕ್ಟೋಸ್ ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ.

ಹೀಗೆ ಕಾರಣ ಬಿಡಿಸಿ ಹೇಳುವವರ ಪರಂಪರೆಯೊಂದು ಕನ್ನಡದಲ್ಲಿದೆ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಅದು ಬಾಳಿದ್ದು ಎರಡು ವರ್ಷ. ಆಮೇಲೆ ಆ ಕೆಲಸವನ್ನು ಬದುಕಿನುದ್ದಕ್ಕೂ ಮಾಡಿದವರು ರಸಾಯನಶಾಸ್ತ್ರದ ಮೇಷ್ಟ್ರು ಜೆ.ಆರ್. ಲಕ್ಷ್ಮಣರಾವ್. 1921ರಲ್ಲಿ ಜಗಳೂರಿನಲ್ಲಿ ಹುಟ್ಟಿ, ಮೈಸೂರಿನ ಯುವರಾಜ ಕಾಲೇಜಿನಲ್ಲಿ ಪಾಠ ಹೇಳಿದ ಅವರು 'ಪರಮಾಣು ಚರಿತ್ರೆ' ಬರೆದರು. 1978ರಲ್ಲಿ ಶುರುವಾದ 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನೂ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತನ್ನೂ ಕಟ್ಟಿದವರಲ್ಲಿ ಅವರು ಪ್ರಮುಖರು. 2017ರಲ್ಲಿ ತೀರಿಕೊಂಡರು. ಹಳ್ಳಿ ಶಾಲೆಯ ಮಗುವಿಗೆ ವಿಜ್ಞಾನ ತನ್ನ ಭಾಷೆಯಲ್ಲೇ ಸಿಗಬೇಕೆಂಬ ಅವರ ಹಟದ ಫಲವನ್ನು ಇಂದೂ ಉಣ್ಣುತ್ತಿದ್ದೇವೆ.

ಅಂಥ ಮೇಷ್ಟ್ರುಗಳು ಆಲೆಮನೆಗೆ ಈಗ ತುರ್ತಾಗಿ ಬೇಕು. ಪೇಟೆಯಲ್ಲಿ ಕೊಳ್ಳುವವರು ಬೆಳ್ಳಗಿನ, ಹೊಳೆಯುವ ಬೆಲ್ಲವನ್ನು ಒಳ್ಳೆಯದೆಂದು ನಂಬಿದ್ದಾರೆ. ಆ ನಂಬಿಕೆಯೇ ಕೊಪ್ಪರಿಗೆಗೆ 'ಹೈಡ್ರೋಸ್' ತಂದಿತು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಈ ಪುಡಿ ಬಟ್ಟೆಯ ಬಣ್ಣ ತೆಗೆಯುವ ಕೆಲಸಕ್ಕೂ ಬಳಕೆಯಾಗುವಂಥದ್ದು. ಪಾಕದ ಬಣ್ಣವನ್ನು ಅದು ಕ್ಷಣದಲ್ಲಿ ತೆಗೆಯುತ್ತದೆ, ಗಂಧಕದ ಡೈಆಕ್ಸೈಡನ್ನು ಬೆಲ್ಲದಲ್ಲಿ ಬಿಡುತ್ತದೆ. ತಂದ ಬಣ್ಣವೂ ನಿಲ್ಲುವುದಿಲ್ಲ; ಇಟ್ಟ ಬೆಲ್ಲ ಗಾಳಿ ತಗುಲಿ ಮತ್ತೆ ಕಪ್ಪಾಗತೊಡಗುತ್ತದೆ. ಬೆಲ್ಲದ ಕಂದುಬಣ್ಣ ಕೊಳೆಯಲ್ಲ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖದಲ್ಲಿ ಕೂಡಿದಾಗ ಹುಟ್ಟುವ ಬಣ್ಣವೂ ಪರಿಮಳವೂ ಅದು. ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದೇ. ಮದ್ದೂರು ವಡೆ ಎಣ್ಣೆಯಲ್ಲಿ ಕೆಂಪಗಾಗುವುದರ ಹಿಂದೆಯೂ ಇದೇ ಇದೆ. ವಡೆ ಬೆಳ್ಳಗಿರಲಿ ಎಂದು ಯಾರೂ ಕೇಳುವುದಿಲ್ಲ, ಬೆಲ್ಲಕ್ಕೆ ಮಾತ್ರ ಕೇಳುತ್ತೇವೆ.

ಆಲೆಮನೆಯವನನ್ನು ಬೈದು ಪ್ರಯೋಜನವಿಲ್ಲ. ಕಂದು ಬೆಲ್ಲಕ್ಕೆ ಬೆಲೆ ಬರದಿದ್ದರೆ ಅವನೇನು ಮಾಡಿಯಾನು? ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಬ್ಬಿನ ತಳಿಗಳ ಜೊತೆಗೆ ಬೆಲ್ಲ ತಯಾರಿಕೆಯ ಕೆಲಸವೂ ನಡೆಯುತ್ತದೆ, ರಾಸಾಯನಿಕ ಹಾಕದೆ ಬೆಲ್ಲ ಇಳಿಸುವ ರೈತರೂ ಈ ಭಾಗದಲ್ಲಿದ್ದಾರೆ. ಅವರ ಬೆಲ್ಲ ಅಂಗಡಿಯಲ್ಲಿ ಮೂಲೆ ಸೇರಬಾರದು. ಮುಂದಿನ ಸಲ ಬೆಲ್ಲ ಕೊಳ್ಳುವಾಗ ಬೆಳ್ಳಗಿನದನ್ನು ಪಕ್ಕಕ್ಕಿಟ್ಟು, ಹೈಡ್ರೋಸ್ ಹಾಕದ ಕಂದು ಅಚ್ಚು ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಇಲ್ಲವೆಂದರೆ ತರಿಸಿಕೊಡಲು ಹೇಳಿ.