ಹಾವಿನ ವಿಷದಿಂದ ಅರ್ಧ ಮಾತ್ರೆಯವರೆಗೆ

ವೃದ್ಧರ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಅಗ್ಗದ ಹಳೆಯ ಮಾತ್ರೆಯೇ ಮೊದಲ ಮದ್ದೆಂದು ಅಮೆರಿಕದ ‘ಆಲ್‌ಹ್ಯಾಟ್’ ಪರೀಕ್ಷೆ 2002ರ ಡಿಸೆಂಬರಿನಲ್ಲಿ ಸಾರಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ, ಹಾಗಲ್ಲ, ‘ಎಸಿಇ ಇನ್ಹಿಬಿಟರ್’ ವರ್ಗದ ಔಷಧವೇ ಮೇಲೆಂದು ಆಸ್ಟ್ರೇಲಿಯದ ವೈದ್ಯರು ಪ್ರತಿನುಡಿದರು. ಆ ವರ್ಗದ ಮೂಲಪುರುಷನಾದ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲಿನ ಜರರಾಕ ಎಂಬ ಮಂಡಲದ ಹಾವಿನ ವಿಷದ ಅಧ್ಯಯನದಿಂದ: ಸೆರ್ಜಿಯೊ ಫೆರೈರಾ ಆ ವಿಷಸಾರವನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಶಾಲೆಗೆ ಒಯ್ದರು, ಅಲ್ಲಿ ದೊರೆತ ಸುಳಿವನ್ನು ಹಿಡಿದು ಸ್ಕ್ವಿಬ್ ಕಂಪನಿಯ ಕುಷ್ಮನ್ ಮತ್ತು ಒಂಡೆಟ್ಟಿ ಅದನ್ನು ಮಾತ್ರೆಯಾಗಿಸಿದರು.

ಆಸ್ಟ್ರೇಲಿಯದವರು ಪರೀಕ್ಷಿಸಿದ್ದು 65ರಿಂದ 84 ವರ್ಷ ವಯಸ್ಸಿನ 6083 ಮಂದಿಯನ್ನು. ಅವರಲ್ಲಿ ಸುಮಾರು ಅರ್ಧದಷ್ಟು ಸ್ತ್ರೀಯರು. ಹೃದ್ರೋಗದ ಆಘಾತ ಮತ್ತು ಮರಣಗಳು ಹೊಸ ಔಷಧದಿಂದ ಶೇ 11ರಷ್ಟು ತಗ್ಗಿದವೆಂಬುದು ಅವರ ಘೋಷಣೆ. ಆದರೆ ಲಿಂಗವಾರು ಲೆಕ್ಕವನ್ನು ಬಿಡಿಸಿ ನೋಡಿದರೆ, ಪುರುಷರಿಗೆ ಶೇ 17ರಷ್ಟು ಲಾಭ, ಸ್ತ್ರೀಯರಿಗೆ ಶೂನ್ಯ! ಈ ಅಂತರ ಕೇವಲ ಆಕಸ್ಮಿಕವಿರಬಹುದೆಂಬ ಸಂಖ್ಯಾಶಾಸ್ತ್ರಜ್ಞರ ಎಚ್ಚರಿಕೆ ಯುಕ್ತವೇ ಆಗಿದ್ದಿತು. ಆದರೆ ವಿದ್ವಾಂಸರ ಕಲಹವೆಲ್ಲ ಯಾವ ಮಾತ್ರೆ ಶ್ರೇಷ್ಠ, ಯಾವುದು ಅಗ್ಗ ಎಂಬುದರ ಸುತ್ತಲೇ ಸುತ್ತಿ, ಆ ಸೊನ್ನೆಯನ್ನು ಬೆನ್ನಟ್ಟಿ ಹೋಗುವ ಉತ್ಸಾಹ ಹೆಚ್ಚಿನವರಲ್ಲಿ ಮೂಡದೆ ಹೋಯಿತು.

ಈ ಔದಾಸೀನ್ಯಕ್ಕೆ ಪೂರ್ವಚರಿತ್ರೆಯುಂಟು. ಗರ್ಭಧಾರಣೆಗೆ ಶಕ್ತರಾದ ಸ್ತ್ರೀಯರನ್ನು ಆರಂಭಿಕ ಔಷಧಪರೀಕ್ಷೆಗಳಿಂದ ದೂರವಿಡಬೇಕೆಂದು 1977ರಲ್ಲಿ ವಿಧಿಸಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 1993ರವರೆಗೆ ಆ ಸೂಚನೆಯನ್ನು ಹಿಂತೆಗೆಯಲಿಲ್ಲ. ಮುಪ್ಪಿನ ಹೆಂಗಸರಿಗೆ ಆ ನಿಷೇಧ ತಟ್ಟಬೇಕಾಗಿರಲಿಲ್ಲ. ಆದರೂ ಹೃದಯದೌರ್ಬಲ್ಯಕ್ಕೆ ಇದೇ ವರ್ಗದ ಔಷಧವನ್ನು ಸ್ಥಾಪಿಸಿದ 1991ರ ‘ಸಾಲ್ವ್ಡ್’ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಷ್ಟೇ ಸ್ತ್ರೀಯರು. ಈ ಮಾತ್ರೆಯಿಂದ ಬರುವ ಒಣಕೆಮ್ಮು ಹೆಂಗಸರನ್ನೇ ಹೆಚ್ಚಾಗಿ ಕಾಡುವುದೆಂಬುದು ಮಾತ್ರ ವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದ ಸಂಗತಿ.

ಎಷ್ಟು ಪ್ರಮಾಣದ ಮದ್ದು ಯಾರಿಗೆ ಹಿತವೆಂಬ ನೇರಪ್ರಶ್ನೆಗೆ ಒಂದು ಉತ್ತರ ಬಂದದ್ದು 2019ರಲ್ಲಿ. ಹನ್ನೊಂದು ಯುರೋಪಿಯನ್ ದೇಶಗಳ ದುರ್ಬಲಹೃದಯಿಗಳ ದಾಖಲೆಯಲ್ಲಿ, ಪುರುಷರಿಗೆ ಪೂರ್ಣ ಪ್ರಮಾಣ ಅತ್ಯಂತ ಕ್ಷೇಮಕರವಾಗಿ ಕಂಡರೆ, ಸ್ತ್ರೀಯರಿಗೆ ಅದರ ಅರ್ಧದಷ್ಟರಲ್ಲೇ ಅಪಾಯ ಕನಿಷ್ಠಕ್ಕೆ ಇಳಿದಿತ್ತು; ಏಷ್ಯದ ರೋಗಿಗಳ ದಾಖಲೆಯೂ ಅದನ್ನೇ ಹೇಳಿತು. ಇದು ದಾಖಲೆಗಳ ಪರಿಶೀಲನೆಯೇ ಹೊರತು ಚೀಟಿಯೆತ್ತಿ ನಡೆಸಿದ ಪರೀಕ್ಷೆಯಲ್ಲವಾದಕಾರಣ, ಇದನ್ನೋದಿದ ಯಾವ ಅಜ್ಜಿಯೂ ವೈದ್ಯರನ್ನು ಕೇಳದೆ ಮಾತ್ರೆಯನ್ನು ಮುರಿಯತಕ್ಕದ್ದಲ್ಲ. ಆದರೆ ಮಾತ್ರೆಯ ಬೆಲೆಯನ್ನು ಕುರಿತು ಅಷ್ಟು ಬಿರುಸಿನಿಂದ ವಾದಿಸಿದ ಪಂಡಿತಮಂಡಲಿ, ಆ ಅಜ್ಜಿಗೆ ಎಷ್ಟು ಸಾಕೆಂದು ಕೇಳುವುದಕ್ಕೆ ಇಷ್ಟು ಕಾಲ ಏಕೆ ತೆಗೆದುಕೊಂಡಿತೆಂಬುದಕ್ಕೆ ಯಾವ ವೈದ್ಯಕೀಯ ಕಾರಣವೂ ನನಗೆ ತೋರುವುದಿಲ್ಲ.