ಹೂಳು ತೆಗೆಯುವ ಹೊತ್ತಿನಲ್ಲಿ

ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಲಕ್ಷ್ಮಣತೀರ್ಥ ನದಿಗೆ ಒಂದು ಅಣೆಕಟ್ಟೆಯಿದೆ. ಅಲ್ಲಿಂದ ಹೊರಟ ನಾಲೆಯ ನೀರನ್ನು ನಂಬಿ ಕೆಳಗಿನ ಗದ್ದೆಗಳು ಬದುಕುತ್ತವೆ. ನಾಲೆಯಲ್ಲಿ ಹೂಳು ತುಂಬಿದರೆ ನೀರನ್ನು ನಿಲ್ಲಿಸಿಯೇ ತೆಗೆಯಬೇಕು; ಅಲ್ಲಿಯವರೆಗೆ ಪೈರು ಹೇಗೋ ತಾಳಿಕೊಂಡೀತು. ಮನುಷ್ಯನ ಕತ್ತಿನ ಎರಡು ಪಕ್ಕಗಳಲ್ಲಿಯೂ ಇಂತಹುದೇ ಒಂದೊಂದು ನಾಲೆಯಿದೆ. ಅದೇ ಕೆರೋಟಿಡ್ ಧಮನಿ. ಅದು ಉಣಿಸುವ ಪೈರು ಮಿದುಳು. ಈ ಪೈರಾದರೋ ರಕ್ತವಿಲ್ಲದೆ ಕೆಲವು ನಿಮಿಷಗಳನ್ನೂ ಕಳೆಯಲಾರದು.

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ೨. ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ ಸುಮಾರು ೨೦. ವಯಸ್ಸು, ರಕ್ತದ ಒತ್ತಡ, ಸಿಹಿಮೂತ್ರ, ಧೂಮಪಾನ ಇವುಗಳಿಂದ ಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ಹೂಳು ಕೂರುತ್ತದೆ. ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಹುಣಸೂರು, ಪಿರಿಯಾಪಟ್ಟಣಗಳ ಸೀಮೆಗೆ ಈ ಮಾತು ದೂರದ್ದಲ್ಲ. ಹೂಳಿನ ಚೂರೊಂದು ಕಳಚಿ ಮೇಲೇರಿದರೆ ಪಾರ್ಶ್ವವಾಯು ಬಡಿಯಬಹುದು.

ಈ ಧಮನಿಯನ್ನು ಸರಿಪಡಿಸುವ ಸಾಹಸ ೧೯೫೦ರ ದಶಕದ್ದು. ೧೯೫೪ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್ ಮತ್ತು ಅವರ ಸಂಗಡಿಗರು ರೋಗಿಯ ದೇಹವನ್ನೇ ಮಂಜುಗಡ್ಡೆಯಿಂದ ತಣ್ಣಗಾಗಿಸಿ ಕೆಲಸಕ್ಕೆ ಕೈಹಾಕಿದರು. ತಣ್ಣಗಿರುವ ಮಿದುಳಿಗೆ ಹಸಿವು ಕಡಮೆ.

ಹೂಳು ತೆಗೆಯಲು ಧಮನಿಗೆ ಇಕ್ಕಳ ಹಾಕಿ ರಕ್ತವನ್ನು ತಡೆಯಬೇಕು. ಮಿದುಳಿನ ತಳದಲ್ಲಿ ರಕ್ತನಾಳಗಳ ಬಳೆಯೊಂದಿದೆ; ಇತರ ಧಮನಿಗಳ ರಕ್ತ ಅದರ ಮೂಲಕ ಹರಿದುಬಂದರೆ ಅಪಾಯವಿಲ್ಲ. ಆದರೆ ಎಲ್ಲರಲ್ಲಿಯೂ ಆ ಬಳೆ ಪೂರ್ಣವಾಗಿರುವುದಿಲ್ಲ. ಮಿದುಳು ಹಸಿಯುತ್ತಿದೆಯೆಂದು ತಿಳಿಯುವುದು ಹೇಗೆ?

ಇದಕ್ಕೆ ಹಲವು ಕಾವಲುಗಾರರುಂಟು. ತಲೆಯ ಮೇಲೆ ಅಂಟಿಸಿದ ತಂತಿಗಳು ಮಿದುಳಿನ ವಿದ್ಯುತ್ತರಂಗಗಳನ್ನು ಬರೆಯುತ್ತವೆ. ರಕ್ತ ಸಾಲದಾದಾಗ ಚುರುಕು ತರಂಗಗಳು ಅಡಗಿ ಮಂದ ತರಂಗಗಳು ಮೂಡುತ್ತವೆ. ಕಣತಲೆಯ ಮೇಲಿಟ್ಟ ಡಾಪ್ಲರ್ ಯಂತ್ರ ರಕ್ತದ ವೇಗವನ್ನು ಅಳೆಯುವುದಲ್ಲದೆ ತೇಲಿಹೋಗುವ ಚೂರುಗಳನ್ನೂ ಗುರುತಿಸುತ್ತದೆ. ಹಣೆಗೆ ಅಂಟಿಸಿದ ಬೆಳಕಿನ ಸಾಧನ ಆಮ್ಲಜನಕದ ಇಳಿತವನ್ನು ತೋರಿಸುತ್ತದೆ.

ಇವೆಲ್ಲಕ್ಕಿಂತ ಸರಳವಾದ ಕಾವಲೂ ಒಂದಿದೆ. ಕತ್ತಿಗೆ ಮಾತ್ರ ಅರಿವಳಿಕೆ ಕೊಟ್ಟು, ಎಚ್ಚರವಾಗಿರುವ ರೋಗಿಯ ಕೈಯಲ್ಲಿ ಹಿಂಡಿದರೆ ಕೀಚೆನ್ನುವ ರಬ್ಬರ್ ಗೊಂಬೆಯನ್ನು ಇಡುವುದು! ಬಲಗಡೆಯ ಧಮನಿಯಾದರೆ ಗೊಂಬೆ ಎಡಗೈಯಲ್ಲಿ, ಏಕೆಂದರೆ ಮಿದುಳಿನ ಒಂದು ಪಕ್ಕ ದೇಹದ ಇನ್ನೊಂದು ಪಕ್ಕವನ್ನು ಆಳುತ್ತದೆ. ಹೇಳಿದಾಗಲೆಲ್ಲ ಗೊಂಬೆ ಕೂಗಿದರೆ ಕ್ಷೇಮ. ಕೂಗು ನಿಂತರೆ, ಮಾತು ತೊದಲಿದರೆ, ವೈದ್ಯರು ತಡಮಾಡದೆ ಕಿರುಕೊಳವೆಯೊಂದನ್ನು ಧಮನಿಯೊಳಗೆ ಕೂಡಿಸಿ ರಕ್ತಕ್ಕೆ ಅಡ್ಡಕಾಲುವೆ ಮಾಡಿಕೊಡುತ್ತಾರೆ. ಹಾಗೆಂದು ಎಚ್ಚರದ ಚಿಕಿತ್ಸೆಯೇ ಶ್ರೇಷ್ಠವೆನ್ನುವಂತಿಲ್ಲ. ೩,೫೨೬ ರೋಗಿಗಳನ್ನು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೂರ್ಣ ಅರಿವಳಿಕೆಯ ಫಲಕ್ಕೂ ಇದಕ್ಕೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ಆದರೆ ಕಾವಲು ಮನೆಯಲ್ಲಿಯೂ ಬೇಕು. ಯಜಮಾನರ ಕೈಯಿಂದ ಕಾಫಿಯ ಲೋಟ ಜಾರಿತು, ಬಾಯಿ ಸೊಟ್ಟಗಾಯಿತು, ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು – ಇದು ಆಯಾಸವೆಂದು ಸುಮ್ಮನಾಗುವವರೇ ಹೆಚ್ಚು. ಅದು ಗೊಂಬೆಯ ಕೂಗು ನಿಂತಂತೆಯೇ. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಸರಿಹೋಗದಿದ್ದರಂತೂ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಹನಗೋಡಿನಿಂದ ಹುಣಸೂರಿಗೆ, ಅಲ್ಲಿಂದ ಮೈಸೂರಿಗೆ ಸಾಗುವ ದಾರಿಯೂ ಅದರಲ್ಲಿಯೇ ಸೇರಬೇಕು. ಬೆಳಿಗ್ಗೆ ನೋಡೋಣವೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ.