ದೂರದ ತೆರೆಯಲ್ಲಿ ವರ್ಣನಿಷ್ಠೆ

ಕೊಳ್ಳೇಗಾಲದ ರೇಷ್ಮೆ ಸೀರೆಯೊಂದನ್ನು ಚಿತ್ರೀಕರಿಸಿ, ಗ್ರೇಡಿಂಗ್ ಎಂಬ ಬಣ್ಣ ಹೊಂದಿಸುವ ಕಾರ್ಯವನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ನಡೆಸಿದರೆನ್ನೋಣ. ಊರಿನಲ್ಲಿಯೇ ಉಳಿದ ನಿರ್ದೇಶಕನಿಗೆ ಅಂತರ್ಜಾಲದ ಮೂಲಕ ಅದೇ ಕೆಂಪು ಕಾಣುವುದೆಂಬ ಭರವಸೆಯಿಲ್ಲ.

ಸಾಧಾರಣ ಪ್ರಸಾರದಲ್ಲಿ ಪ್ರತಿಯೊಂದು ಘಟಕಕ್ಕೆ 8 ಬಿಟ್, ಎಂದರೆ 256 ಮೆಟ್ಟಿಲುಗಳು. 10 ಬಿಟ್ಟಿನಲ್ಲಾದರೆ 1024. ಯಳಂದೂರಿನ ಕಡೆಯಿಂದ ಕಾಣುವ ಬಿಳಿಗಿರಿರಂಗನ ಬೆಟ್ಟದ ಮೇಲಣ ಸಂಜೆಯಾಕಾಶವು ಮೊದಲನೆಯದರಲ್ಲಿ ಪಟ್ಟೆಪಟ್ಟೆಯಾಗಿ ಒಡೆಯಬಹುದು. ಇದಕ್ಕಿಂತಲೂ ಸೂಕ್ಷ್ಮವಾದುದು ವರ್ಣಾಂಶದ ಕಡಿತ. 4:2:0 ಪದ್ಧತಿಯಲ್ಲಿ ಹೊಳಪಿನ ಮಾಹಿತಿ ಪೂರ್ಣವಾಗಿರುವುದು. ಬಣ್ಣದ ಮಾಹಿತಿ ಮಾತ್ರ ನಾಲ್ಕು ಬಿಂದುಗಳಿಗೆ ಒಂದೇ. ಮುಖದ ಚಿತ್ರಕ್ಕೆ ಇದು ಸಾಕು. ಆದರೆ ಕೆಂಪು ಒಡಲು ಜರಿಯಂಚನ್ನು ಸಂಧಿಸುವ ಗೆರೆ ಕದಡುತ್ತದೆ. ನೇಕಾರನ ಕೌಶಲವಿರುವುದು ಆ ಗೆರೆಯಲ್ಲಿಯೇ!

ಆದಕಾರಣ 10 ಬಿಟ್ಟಿನ 4:2:2 ಪದ್ಧತಿ ಅವಶ್ಯಕ. 1920×1080 ಬಿಂದುಗಳ ಚಿತ್ರವನ್ನು ಸೆಕೆಂಡಿಗೆ 25ರಂತೆ ಸಂಕೋಚಿಸದೆ ಕಳುಹಿಸಲು ಸೆಕೆಂಡಿಗೆ ಸುಮಾರು 104 ಕೋಟಿ ಬಿಟ್ ಬೇಕು. ಹನೂರಿನ ಕಾಡಂಚಿನಲ್ಲಿ ಮೊಬೈಲ್ ಸಂಪರ್ಕದಿಂದ ಇದನ್ನು ಅಪೇಕ್ಷಿಸಲಾಗದು. ಎಚ್‌ಇವಿಸಿ ಮೊದಲಾದ ಸಂಕೋಚನ ವಿಧಾನಗಳು ಆ ಗುಣಗಳನ್ನು ಉಳಿಸಿಕೊಂಡೇ ಇದನ್ನು ಕೆಲವು ಕೋಟಿಗೆ ಇಳಿಸಬಲ್ಲವು.

ಹಾದಿಯೊಂದು ಸರಿಯಾದರೆ ಸಾಲದು. ನೋಡುವ ತೆರೆಯ ಬಿಳುಪನ್ನು ಸುಮಾರು 6500 ಕೆಲ್ವಿನ್‌ಗೆ, ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾಕ್ಕೆ ಅಳೆದು ಹೊಂದಿಸಿರಬೇಕು. ಕಿಟಕಿಯ ಬಿಸಿಲು ಅದರ ಮೇಲೆ ಬೀಳಕೂಡದು. ಇಷ್ಟನ್ನು ಮಾಡದೆ ‘ಕೆಂಪು ಹೆಚ್ಚಾಯಿತು, ತಗ್ಗಿಸಿ’ ಎಂದು ದೂರವಾಣಿಯಲ್ಲಿ ಸೂಚಿಸುವ ನಿರ್ದೇಶಕನು ತನ್ನ ತೆರೆಯ ದೋಷವನ್ನು ಚಿತ್ರಕ್ಕೆ ಅಂಟಿಸುವನು.